ಸ್ಟೇಡಿಯಂ ಬೀದಿಯ ಪರ್ಮಿಟ್

ದೊಡ್ಡಪ್ಪ,

ಚಾಟಲ್ಲಿ ಹಾಕಿದ್ರೆ ನೋಡಿಯೂ ನೋಡದ ಹಾಗೆ ಇರ್ತೀರಿ. ಅದಕ್ಕೇ ಕಾಗದದಲ್ಲಿ ಬರೆದು ನಿಮ್ಮ ಆಫೀಸಿಗೇ ಕಳಿಸ್ತಿದ್ದೀನಿ.

ನಮ್ಮ ಟೀಮಿನ ಗೋಲ್‌ಕೀಪರ್ ಅಕ್ಕನ ಮಂಡಿ ಆಪರೇಷನ್‌ಗೆ ಬೀದಿಯಲ್ಲಿ ಚಂದಾ ಎತ್ತೋಕೆ ಪರ್ಮಿಟ್ ಕೊಟ್ಟಿದ್ದು ನೀವೇ. ಚಂದಾ ಡಬ್ಬ ಅಲ್ಲಾಡಿಸಿ ಸದ್ದು ಮಾಡಬಾರದು ಅಂತ ರೂಲ್ ಇತ್ತು, ಒಪ್ತೀನಿ. ಆದ್ರೆ ನಾವು ಫ್ಯಾನ್ಸ್, ಅವಳ ಹೆಸರು ಕೂಗುವಾಗ ಕೈ ಸುಮ್ನೆ ಇರಲ್ಲ. ನೀವು ಬಂದು ನನ್ನ ಕೈಯಿಂದಲೇ ಡಬ್ಬ ಕಿತ್ಕೊಂಡು ಪರ್ಮಿಟ್ ರದ್ದು ಮಾಡಿದ್ರಿ. "ರೂಲ್ ಅಂದ್ರೆ ರೂಲ್ ಕಣಮ್ಮ, ಮನೆಮಗಳಾದ್ರೂ ಅಷ್ಟೇ" ಅಂದ್ರಿ. ಹಿಂದೆ ನಿಂತಿದ್ದ ನಿಮ್ಮ ಕ್ಲಬ್ಬಿನವರು, ಅಂದ್ರೆ ನಮ್ಮ ಎದುರಾಳಿಗಳು, ಕಿಸಕ್ಕಂತ ನಕ್ಕರು. ಆಪರೇಷನ್ ಮುಂದಕ್ಕೆ ಹೋಯ್ತು. ಅಕ್ಕನಿಗೆ ಈ ಸೀಸನ್ನೇ ಹೋಯ್ತು.

ಆಮೇಲೆ ನಿಮ್ಮ ರೂಲ್ಸ್ ಎಲ್ಲಾ ಕೂತು ಓದಿದೆ, ಪರೀಕ್ಷೆಗೂ ಅಷ್ಟು ಓದಿಲ್ಲ. ಒಂದು ಬೀದಿಗೆ ಒಂದು ದಿನ ಒಂದೇ ಗುಂಪು, ಮೊದಲು ಬಂದವರಿಗೆ ಮೊದಲು. ಪ್ರತಿ ಫೈನಲ್‌ಗೂ ಸ್ಟೇಡಿಯಂ ಬೀದಿಯಲ್ಲಿ ಚಂದಾ ಎತ್ತೋದು ನಿಮ್ಮ ಕ್ಲಬ್ಬಿನವರು. ಅವರು ಅರ್ಜಿ ಹಾಕಲ್ಲ, ನೀವು ಇದ್ದೀರಲ್ಲ ಅಂತ. ಈ ಸಲ ಫೈನಲ್ ದಿನಕ್ಕೆ ನಾನು ಅರ್ಜಿ ಹಾಕಿದೆ. ನೀವು ರಜೆಯಲ್ಲಿದ್ದಾಗ ಕೌಂಟರ್ ಮೇಡಂ ಸೀಲ್ ಹೊಡೆದು ಕೊಟ್ಟರು.

ಒಂದೇ ಒಂದು ಕೋರಿಕೆ. ಅವತ್ತು ನಿಮ್ಮವರು ಡಬ್ಬ ಹಿಡ್ಕೊಂಡು ಬಂದ್ರೆ ನಾನು ದೂರು ಕೊಡೋದು ಗ್ಯಾರಂಟಿ. ಆಗ ಬೇರೆ ಯಾರನ್ನೂ ಕಳಿಸಬೇಡಿ, ನೀವೇ ಬಂದು ಕಿತ್ಕೊಳ್ಳಿ. ಅಕ್ಕನಿಗೆ ಮುಂದೇನೇ ಕುರ್ಚಿ ಹಾಕಿಸ್ತೀನಿ. ಅವಳೂ ಸ್ವಲ್ಪ ನೋಡ್ಲಿ.

ನಮಸ್ಕಾರ ದೊಡ್ಡಮ್ಮನಿಗೆ ಮಾತ್ರ.

ನಿಮ್ಮ ತಮ್ಮನ ಮಗಳು