ಮೂವತ್ತು ಸಾವಿರದ ಮೂವತ್ತೊಂದು

ಭಾವಾ,

ನೀನು ಓದಲಾರೆ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನಾನೂ ಅಕ್ಕನೂ ಈಗಿರುವ ಈ ಪೂರಿಗಾಲಿ ಊರಿನಲ್ಲಿ ಇದನ್ನು ಯಾರ ಹತ್ತಿರ ಹೇಳಲಿ?

ಸ್ಕೂಲು ಬಿಟ್ಟು ಬ್ಲಫ್ ಊರಿನ ನಿಮ್ಮ ಮನೆಗೆ ಬಂದು ಬಿದ್ದಾಗ ನೀನು ಬೈಯಲಿಲ್ಲ. ಕರೆಂಟು ಹುಟ್ಟುವ ಕೇಂದ್ರದಲ್ಲಿ ಪಾಳಿ ಮುಗಿಸಿ ಬಂದವನೇ ಇದ್ದಿಲು ಹಿಡಿದು ಜಗಲಿಯ ಮೇಲೆ ಬರೆದೆ: ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು. "ಇವು ಯಾವ್ದ್ರಿಂದ್ಲೂ ಒಡೆಯಾಕಿಲ್ಲ ಕಣ್ಲಾ." ಎರಡನ್ನೂ ಮೂರನ್ನೂ ಗುಣಿಸಿ ಒಂದು ಕೂಡಿದರೆ ಏಳು, ಅದೂ ಒಡೆಯದು. ಐದನ್ನೂ ಸೇರಿಸಿ ಗುಣಿಸಿ ಒಂದು ಕೂಡಿದರೆ ಮೂವತ್ತೊಂದು. ಏಳನ್ನು ಸೇರಿಸಿದರೆ ಇನ್ನೂರ ಹನ್ನೊಂದು, ಹನ್ನೊಂದನ್ನು ಸೇರಿಸಿದರೆ ಎರಡು ಸಾವಿರದ ಮುನ್ನೂರ ಹನ್ನೊಂದು. ಯಾವುದೂ ಒಡೆಯಲಿಲ್ಲ. ಹದಿಮೂರೂ ಸೇರಿದಾಗ 30031 ಬಂತು. ಇದೂ ಒಡೆಯದಿದ್ದರೆ ನಮ್ಮ ಸೂತ್ರ ನಿಂತಂತೆ ಎಂದೆ ನೀನು. ಸಂಜೆಗೊಂದು ಒಡೆಯದ ಸಂಖ್ಯೆಯಿಂದ ಭಾಗಿಸುತ್ತಾ ಹೋದೆವು.

ಐವತ್ತಮೂರರ ಸಂಜೆ ಮೂವತ್ತಮೂರು ಶೇಷ ಉಳಿಯಿತು. ನಿನ್ನ ಮೈ ಕೆಂಡವಾಗಿತ್ತು. ಅಲ್ಲಿಂದಾಚೆ ಬೇಕಿಲ್ಲ, ಆದರೆ ನೂರ ಎಪ್ಪತ್ತಮೂರರವರೆಗೂ ನೋಡಲೇಬೇಕು ಎಂದು ನಾನು ಹಟ ಹಿಡಿದೆ.

"ಒಡ್ಯೋದಾಗಿದ್ರೆ ಇಷ್ಟೊತ್ಗೆ ಒಡೀತಿತ್ತು, ಬುಡ್ಲಾ," ಎಂದು ನೀನು ನಕ್ಕೆ. ಅಕ್ಕನ ಕಡೆ ತಿರುಗಿ, "ನಾನ್ ಸತ್ರೆ ಈ ಅಂಕೀನೇ ನನ್ ಕಲ್ಲಿನ್ ಮ್ಯಾಲೆ ಕೆತ್ಸಮ್ಮಿ."

"ಥೂ, ಬುಡ್ತು ಅನ್ನಿ!"

ನೀನು ಅನ್ನಲಿಲ್ಲ. ಯಾಕೆ ಭಾವ, ಅಂದಿದ್ದರೆ ಏನಾಗುತ್ತಿತ್ತು? ಆ ಜ್ವರ ಕ್ವಿನೈನಿಗೂ ಬಗ್ಗಲಿಲ್ಲ.

ಮೊನ್ನೆ, ವರ್ಷದ ಎಡೆ ಹತ್ತಿರ ಬಂತೆಂದು, ಅಕ್ಕ ಮಳವಳ್ಳಿಯಿಂದ ಕಲ್ಲುಕುಟಿಗನನ್ನು ಕರೆಸಿದಳು. ಸಂಖ್ಯೆ ಕೇಳಿ ಅವನು, "ಮೈಲಿಕಲ್ಲು ಅನ್ಕೊಂಡಾರು ಕಣವ್ವ! ಅಷ್ಟ್ ದೂರ ಯಾವೂರದೆ?" ಎಂದ. ಅಕ್ಕ ನಗಲಿಲ್ಲ. "ಒಡೆಯಾಕಿಲ್ಲ ಅಂದಿದ್ರು. ಅದೊಂದಾದ್ರೂ ಉಳ್ಕೊಳ್ಳಿ."

ಉಳಿ ಬೀಳುವ ಮುಂಚೆ ನನಗೆ ತಡೆಯಲಾಗಲಿಲ್ಲ. ಐವತ್ತಮೂರರ ಆಚೆಗೆ ನಾವು ನೋಡಿಯೇ ಇರಲಿಲ್ಲವಲ್ಲ. ಇದ್ದಿಲು ತೆಗೆದುಕೊಂಡು ನಿನ್ನ ಕಲ್ಲಿನ ಮೇಲೆಯೇ ಭಾಗಿಸಿದೆ. ಮುಂದಿನ ಸರದಿ ಐವತ್ತೊಂಬತ್ತರದು. ಐನೂರ ಒಂಬತ್ತು ಬಂತು, ಶೇಷ ಸೊನ್ನೆ. ತಿರುಗಿ ಗುಣಿಸಿ ನೋಡಿದೆ. ಅದೇ. ಇನ್ನೊಂದು ಸಂಜೆ ನೀನು ಇದ್ದಿದ್ದರೆ...

"ಅಕ್ಕ, ಇದು ಒಡೀತದೆ."

"ಇಸ್ಕೂಲ್ ಬುಟ್ಟೋನ್ಗೆ ಅವ್ರಿಗಿಂತ ಎಚ್ಚು ಗೊತ್ತಾ? ಸುಮ್ಕಿದ್ದಿದ್ರೆ ನಿನ್ ಗಂಟೇನ್ ಓಯ್ತಿತ್ಲಾ?"

ಏನೂ ಹೋಗುತ್ತಿರಲಿಲ್ಲ. ಆದರೂ ಒಡೆಯುವುದನ್ನು ಒಡೆಯದು ಎಂದು ನಿನ್ನ ತಲೆಯ ಮೇಲೆ ಹೇಗೆ ಕೆತ್ತಿಸಲಿ? ಅಕ್ಕ ಇದ್ದಿಲ ಗುರುತನ್ನು ಸೆರಗಿನಿಂದ ಒರೆಸಿದಳು. ಬೋಳು ಕಲ್ಲನ್ನೇ ನೆಟ್ಟಿದ್ದೇವೆ. ಅವಳು ನನ್ನ ಮುಖ ನೋಡುತ್ತಿಲ್ಲ.

ನಿನಗೆ ಗೊತ್ತಿಲ್ಲದ್ದು ಇನ್ನೂ ಇದೆ. ಐವತ್ತೊಂಬತ್ತೂ ಒಡೆಯದು, ಐನೂರ ಒಂಬತ್ತೂ ಒಡೆಯದು, ಎರಡೂ ನಾವು ಬರೆದ ಸಾಲಿನಲ್ಲಿಲ್ಲ; ಸೂತ್ರ ಸೋತರೂ ಹೊಸವು ಎರಡು ಸಿಕ್ಕವು. ಅದರಿಂದಲೂ ನನಗೆ ಸಮಾಧಾನವಿಲ್ಲ. ಹದಿನೇಳನ್ನೂ ಸೇರಿಸಿ ಮುಂದಿನದನ್ನು ನೋಡಿದೆ, 510511. ಹತ್ತೊಂಬತ್ತಕ್ಕೇ ಒಡೆದುಹೋಯಿತು. ಆ ಗಳಿಗೆ ನೀನಿಲ್ಲದ್ದು ಮರೆತು, "ಭಾವಾ, ಬಾ ಇಲ್ಲಿ!" ಎಂದು ಕೂಗಿಬಿಟ್ಟೆ.

ಒಲೆ ಮುಂದೆ ಕೂತಿದ್ದ ಅಕ್ಕ ತಟ್ಟನೆ ಬಾಗಿಲ ಕಡೆ ನೋಡಿದಳು.