ಬೋಲ್ಟಿಗೆ ಕಟ್ಟಿದ ನಿಂಬೆಹಣ್ಣು

ಕೊಟ್ರೇಶಣ್ಣ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಈ ಪಾಕೀಟಿನಲ್ಲಿ ಸುತ್ತಿ ಇಟ್ಟಿದ್ದನ್ನು ಬಿಚ್ಚಿ ನೋಡು. ಕರ್ರಗಾದ ಒಂದು ನಿಂಬೆಹಣ್ಣು, ಒಣಗಿದ ಮೆಣಸಿನಕಾಯಿ, ತಾಮ್ರದ ತಂತಿ. ಗುರುತು ಸಿಕ್ಕಿತೇ? ನೀನೇ ಕಟ್ಟಿದ್ದು. ಫೋನಿನಲ್ಲಿ ಹೇಳೋಣವೆಂದರೆ, ನಾನು ಎರಡು ಮಾತಾಡುವುದರೊಳಗೆ ನೀನು "ಅಂಗಡ್ಯಾಗ ಗಿರಾಕಿ ಅದಾರ, ಆಮ್ಯಾಲ ಮಾಡ್ತೀನಿ" ಎಂದು ಇಟ್ಟುಬಿಡುತ್ತೀ. ಪತ್ರವನ್ನಾದರೂ ಪೂರ್ತಿ ಓದು.

ಕಾರು ಮಾರುತ್ತೀಯಂತೆ. ಹನುಮನಹಳ್ಳಿಯವರೊಬ್ಬರು ತಮ್ಮೂರ ಬೆಟ್ಟಕ್ಕೆ ಬರುವ ಭಕ್ತರನ್ನು ತಿರುಗಾಡಿಸಲು ಕೊಳ್ಳುತ್ತಾರಂತೆ, ಸೋಮವಾರ ಬಂದು ಒಯ್ಯುತ್ತಾರಂತೆ. ನನಗೆ ಇದನ್ನು ಹೇಳಿದ್ದು ನೀನಲ್ಲ. ಆ ಪುಣ್ಯಾತ್ಮರೇ ಫೋನು ಮಾಡಿ, "ಅಕ್ಕಾರ, ಸ್ಟೆಪ್ನಿ ಛಲೋ ಐತೇನ್ರಿ?" ಎಂದು ಕೇಳಿದರು. ನನ್ನ ಮೈಯೆಲ್ಲ ಉರಿದುಹೋಯಿತು. ಅಪ್ಪ ತೀರಿದ ಮೇಲೆ ಗಂಡುಮಗನೆಂದು ಕಾರಿನ ಕಾಗದ ನಿನ್ನ ಹೆಸರಿಗೆ ಆಯಿತು, ನಾನು ತುಟಿ ಬಿಚ್ಚಲಿಲ್ಲ. ಆದರೆ ವಾರಕ್ಕೆ ಎರಡು ಸಲ ಯಲಬುರ್ಗಾದಿಂದ ಕೊಪ್ಪಳಕ್ಕೆ ಅವ್ವನನ್ನು ಡಯಾಲಿಸಿಸ್ಸಿಗೆ ಕರೆದೊಯ್ಯುವುದು ಯಾರು? ಸಂಜೆ ತಲೆ ಎತ್ತಲಾಗದೆ ಹಿಂದಿನ ಸೀಟಿನಲ್ಲಿ ಮಲಗಿಕೊಂಡು ಬರುವ ಅವಳನ್ನು ಇನ್ನು ಮೇಲೆ ಬಸ್ಸಿನಲ್ಲಿ ನಿಲ್ಲಿಸಿಕೊಂಡು ಬರಲೇ? ಹೇಳು ಮತ್ತೆ!

ಕಾರಿನ ಮುಂದಿನ ಲೈಟು ಮಿಣುಕುತ್ತವೆ ಎಂದು ಫೋನಿನಲ್ಲಿ ನಿನ್ನ ಮುಂದೆ ಬಾಯಿ ಬಿಟ್ಟದ್ದೇ ನನ್ನ ತಪ್ಪು. "ಬಲ್ಬ್ ಹೋಗಿರಬೇಕು" ಎಂದೆ ನೀನು. ಎರಡೂ ಹೊಸವನ್ನು ಹಾಕಿಸಿದೆ, ಮಿಣುಕಿದವು. ಗ್ಯಾರೇಜಿನವನು ವೈರಿಂಗೇ ಬದಲಿಸಬೇಕೆಂದ. ಆಗ ನೀನು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: "ಗಾಡಿಗೆ ಕಣ್ಣು ಹತ್ತೈತಿ ಸುರೇಖಾ. ಹೆಣ್ಮಗಳು ಒಬ್ಬಾಕಿನ ಗಾಡಿ ಹೊಡ್ಕೊಂಡು ತಿರುಗಿದ್ರ ಊರವರ ಕಣ್ಣು ಬೀಳದ ಬಿಡತೈತೇನು?" ಭಲೆ! ಲೈಟು ಮಿಣುಕಿದ್ದಕ್ಕೂ ನಾನೇ ಕಾರಣ, ಕಾರು ಮಾರಲು ನಿನಗೊಂದು ನೆಪವೂ ಸಿಕ್ಕಿತು.

ಹಟ ಬಂತು. ನಮ್ಮ ಬಸ್ ಸ್ಟ್ಯಾಂಡಿನ ಹತ್ತಿರ ಮೋಟರು ರಿಪೇರಿ ಮಾಡುವ ಚಾಂದಸಾಬನನ್ನು ಕೇಳಿದೆ. "ಅಕ್ಕಾರ, ಎರಡೂ ಒಮ್ಮೆಲೆ ಮಿಣಕ್ತಾವಂದ್ರ ಬಲ್ಬಿಂದು ತಪ್ಪಲ್ಲರಿ. ಎರಡಕ್ಕೂ ಕೂಡಿದ ಅರ್ಥಿಂಗ್ ವೈರ್ ನೋಡ್ರಿ. ಒಂದು ತುಂಡು ವೈರ್ ತಗೊಂಡು ಆ ಅರ್ಥಿಂಗಿನಿಂದ ಬ್ಯಾಟರಿ ಮೈನಸ್ಸಿಗೆ ಹಚ್ರಿ. ಲೈಟ್ ಮಿಣಕದ ನಿಂತ್ವು ಅಂದ್ರ ಅರ್ಥಿಂಗಿನಾಗ ಕಳ್ಳ ಸಿಕ್ಕಂಗ," ಎಂದ.

ಅಂದು ಸಂಜೆ ಕಾರನ್ನು ಅಂಗಳದ ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ನಾನು ಬಾನೆಟ್ಟಿನೊಳಗೆ ತಲೆ ಹಾಕಿದರೆ ಗೋಡೆಯ ಮೇಲಿನ ಬೆಳಕು ಕಾಣುವುದಿಲ್ಲವಲ್ಲ, ಅದಕ್ಕೆ ಅವ್ವ ಹೊರಸಿನ ಮೇಲೆ ಕುಳಿತು ನೋಡಿ ಹೇಳುತ್ತಿದ್ದಳು: "ಹೋತು... ಬಂತು... ಮತ್ತ ಹೋತು." ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಕೈಯನ್ನು ಎತ್ತಿ ಎತ್ತಿ ತೋರಿಸುತ್ತಿದ್ದಳು. ಬ್ಯಾಟರಿ ಕ್ಲಾಂಪು ಬಿಗಿಯಾಗಿಯೇ ಇತ್ತು. ತುಂಡು ವೈರು ಹಚ್ಚಿದೆ. "ನಿಂತ್ವು ನೋಡವಾ!" ಎಂದು ಅವ್ವ ಕೂಗಿದಳು. ಎಷ್ಟೋ ತಿಂಗಳಾದ ಮೇಲೆ ಅವಳ ದನಿ ಅಷ್ಟು ಜೋರಾಗಿ ಕೇಳಿದ್ದು.

ಲೈಟು ಆರಿಸಿ, ಬ್ಯಾಟರಿ ಬಿಚ್ಚಿಟ್ಟು, ಆ ಅರ್ಥಿಂಗ್ ವೈರನ್ನು ಕಾರಿನ ಮೈಗೆ ಬಿಗಿದ ಬೋಲ್ಟಿನ ತನಕ ಹುಡುಕಿಕೊಂಡು ಹೋದೆ. ಅಲ್ಲಿ ಏನಿತ್ತು ಬಲ್ಲೆಯಾ? ನಿನ್ನ ನಿಂಬೆಹಣ್ಣು! ಹೊರಗೆ ಕಟ್ಟಿದರೆ ಯಾರಾದರೂ ಕಿತ್ತುಕೊಂಡು ಹೋಗುತ್ತಾರೆಂದು ಅಮಾವಾಸ್ಯೆಗೊಮ್ಮೆ ಬಂದು ಬಾನೆಟ್ಟಿನೊಳಗೆ ಕಟ್ಟುತ್ತಿದ್ದೆಯಲ್ಲ. ಅದೇ ಬೋಲ್ಟನ್ನು ಸಡಿಲು ಮಾಡಿ, ಅದರ ಕೆಳಗೆ ತಂತಿ ಸಿಗಿಸಿದ್ದೀ. ಮೂರು ಅಮಾವಾಸ್ಯೆಯಿಂದ ನೀನು ಬರಲಿಲ್ಲ. ಹಣ್ಣು ಕೊಳೆತು, ರಸ ಇಳಿದು, ಬೋಲ್ಟಿನ ಬುಡದಲ್ಲಿ ಹಸಿರು ಕಿಲುಬು ಹಿಡಿದಿತ್ತು. ಊರವರ ಕಣ್ಣಂತೆ! ನಿನ್ನದೇ ಕೈಕೆಲಸ. ಪಾನಾದಿಂದ ಬೋಲ್ಟು ಬಿಚ್ಚಿ, ಪಾಲಿಶ್ ಪೇಪರಿನಿಂದ ಲೋಹ ಹೊಳೆಯುವ ತನಕ ಉಜ್ಜಿ, ಬಿಗಿದು, ಮೇಲೆ ವ್ಯಾಸಲಿನ್ ಸವರಿದೆ. ಒಂದು ತಾಸಿನ ಕೆಲಸ. ಇವತ್ತಿಗೆ ಹತ್ತು ದಿನವಾಯಿತು, ಒಮ್ಮೆಯೂ ಮಿಣುಕಿಲ್ಲ.

ಅವತ್ತು ಆ ಹಣ್ಣನ್ನು ಹಿಡಿದುಕೊಂಡು ನಿನ್ನನ್ನು ಬಾಯಿಗೆ ಬಂದಂತೆ ಬೈದೆ. ಸುಳ್ಳು ಯಾಕೆ ಹೇಳಲಿ. ಅವ್ವ ನಗಲಿಲ್ಲ, ನನ್ನ ಜೊತೆ ಸೇರಿ ಬೈಯಲೂ ಇಲ್ಲ. ಮೆಲ್ಲಗೆ ಅಂದಳು: "ಬಿಚ್ಚಿದ್ದು ಅವಗ ಹೇಳಬ್ಯಾಡ ಸುರೇಖಾ. ಹೊಸಾದು ಕಟ್ಟಾಕಾದ್ರೂ ಬರ್ತಾನ."

ನನ್ನ ಸಿಟ್ಟು ಅಲ್ಲಿಂದ ಇಮ್ಮಡಿಯಾಗಿದೆ, ಅಣ್ಣ. ಕಾರಿನ ಸಿಟ್ಟಲ್ಲ ಇದು. ಅವ್ವನ ಮಾತು ಮೀರಿ ಎಲ್ಲವನ್ನೂ ಬರೆದಿದ್ದೇನೆ. ಬರಲು ಇನ್ನು ನಿಂಬೆಹಣ್ಣಿನ ನೆಪ ನಿನಗಿಲ್ಲ. ಹನುಮನಹಳ್ಳಿಯವರಿಗೆ ಇಲ್ಲವೆಂದು ನೀನೇ ಹೇಳು. ಸೋಮವಾರ ಅವರ ಬದಲು ನೀನು ಬಾ, ಬರಿಗೈಯಲ್ಲಿ ಬಾ. ಅವತ್ತು ಡಯಾಲಿಸಿಸ್ ಇದೆ. ಕಾರು ನಾನು ಹೊಡೆಯುತ್ತೇನೆ, ಬರುವಾಗ ಅವಳ ತಲೆಗೆ ನಿನ್ನ ತೊಡೆ ಕೊಡು.

ನಿನ್ನ ಮನೆ, ಮಕ್ಕಳು ತಣ್ಣಗಿರಲಿ. ಇದು ಅವ್ವ ಬರೆಸಿದ್ದು. ನಾನಾಗಿದ್ದರೆ, ಇವತ್ತಂತೂ, ಬರೆಯುತ್ತಿರಲಿಲ್ಲ.

ನಿನ್ನ ತಂಗಿ,
ಸುರೇಖಾ