ಅವ್ವನ ಫೋಟೋಕ್ಕೆ ನಿನ್ನ ಮುಖ

ಕುಷ್ಟಗಿ
೪ ನವೆಂಬರ್ ೨೦೧೯

ಪ್ರೀತಿಯ ಲಲಿತಕ್ಕಾ,

ಜ್ವರ ಇಳಿಯಿತೇ? ಸಾಂಗ್ಲಿಯಲ್ಲಿ ಥಂಡಿ ಜಾಸ್ತಿಯಂತೆ, ಬಿಸಿನೀರೇ ಕುಡಿ. ನಿನ್ನ ಗಂಡ, ನಮ್ಮ ಮಾಮಾ, ಆರಾಮ ಇದ್ದಾನಾ? ನಿನ್ನ ಜ್ವರದ ವಿಷಯ ಈ ಸಲ ರೂಢಿಗೆ ಕೇಳುತ್ತಿಲ್ಲ, ಹೆದರಿ ಕೇಳುತ್ತಿದ್ದೇನೆ. ಇಲ್ಲಿ ಎಲ್ಲರೂ ಛಲೋ. ನನಗೆ ಬಿ.ಎ. ಕೊಟ್ಟದ್ದು ಪ್ರಾಸ, ಫೋಟೋ ಸ್ಟುಡಿಯೋ ಕೊಟ್ಟದ್ದು ತ್ರಾಸ.

ಅವ್ವ ತೀರಿ ಇಪ್ಪತ್ತೊಂದು ವರ್ಷವಾಯಿತಲ್ಲ, ದೀಪಾವಳಿ ಪೂಜೆಗೆ ಅವಳ ಫೋಟೋ ದೊಡ್ಡದು ಮಾಡಿಸಿ ಗೋಡೆಗೆ ಹಾಕು ಅಂದ ಅಪ್ಪ. ಟ್ರಂಕು ತೆಗೆದರೆ, ಇದ್ದೊಂದು ಫೋಟೋದಲ್ಲಿ ಗೆದ್ದಲು ಅವ್ವನ ಮುಖ ತಿಂದು ಸೆರಗಷ್ಟೇ ಉಳಿಸಿತ್ತು. ಅಪ್ಪನಿಗೆ ಹೇಳುವ ಧೈರ್ಯ ಆಗಲಿಲ್ಲ. ನೀನು ಮೊಬೈಲಿಗೆ ಕಳಿಸಿದ್ದ ನಿನ್ನ ಫೋಟೋವನ್ನು ಕಂಪ್ಯೂಟರಿಗೆ ಹಾಕಿ ಬಣ್ಣ ತೆಗೆದೆ, ಚಹಾದ ಕಂದು ಬಳಿದೆ, ಮೂಗಿಗೆ ಅವ್ವನ ನತ್ತು ಇಟ್ಟೆ, ಅಂಚಿಗೆ ನಾಲ್ಕು ಗೀರು, ಮೂಲೆಗೊಂದು ನೀರಿನ ಕಲೆ. ಗಿರಾಕಿಗಳಿಗೆ ದಿನಾ ಇದೇ ಮಾಡಿಕೊಡುತ್ತೇನೆ, ನಿನ್ನೆಯ ಮದುವೆಗೆ ಮುತ್ತಜ್ಜನ ಕಾಲದ ಮಬ್ಬು. ಆದರೆ ಅಂದು ಕೈ ನಿಂತಿತು. ಕಣ್ಣನ್ನು ನಾನಿನ್ನೂ ಮುಟ್ಟಿರಲಿಲ್ಲ, ಆಗಲೇ ಅವ್ವ ನೋಡುತ್ತಿದ್ದಳು.

ಅಪ್ಪ ನೋಡಿದವನೇ ಹತ್ತಿರ ಬಂದು ಆ ಮುಖದ ಮೇಲೆ ಬೆರಳಾಡಿಸಿದ. “ಇಷ್ಟ ದಿನಾ ಎಲ್ಲಿ ಮುಚ್ಚಿಟ್ಟಿದ್ದಿಯಲೇ ಇಕಿನ್ನ?” ಅಂದ. ನಾನು ಬಾಯಿ ತೆರೆಯುವುದರೊಳಗೆ ಮಾಲೆ ಬಿತ್ತು, ಊದಿನಕಡ್ಡಿ ಹೊತ್ತಿತು. ಜೀವಂತ ಇರುವವಳಿಗೆ ಮಾಲೆ, ಮೊಳೆ ಹೊಡೆದ ಕೈ ನನ್ನದೇ. ಮರುದಿನವೇ ಮಾಮಾ ಫೋನ್ ಮಾಡಿ ನಿನಗೆ ಜ್ವರ ಅಂದ. ಇಂಥದ್ದನ್ನೆಲ್ಲ ನಂಬುವವನಲ್ಲ ನಾನು. ಆದರೂ ಹೂವು ಬಾಡಲಿ, ತೆಗೆದು ಬಿಸಾಕೋಣ ಅಂತ ಕಾಯುತ್ತೇನೆ. ಅಪ್ಪ ದಿನಾ ಹೊಸದು ತರುತ್ತಾನೆ.

ನಿನ್ನೆ ಮುಂಜಾನೆ ಫೋಟೋದ ಮುಂದೆ ಕೂತು ಮಾತಾಡುತ್ತಿದ್ದ. “ಲಲಿತಾ ತನಗ ಬೇಕಾದಾಂವನ್ನ ಮದಿವ್ಯಾದ್ಲು ಅಂತ ಬಾಗಲಾ ಹಾಕಿದೆ. ಹದಿನಾರು ವರ್ಷ ಆತು. ಕರ್ಯಾಕ ನನಗ ಮಾರಿ ಇಲ್ಲ. ನೀನರ ಹೋಗಿ ಕರಕೊಂಡು ಬಾ.” ನಿನ್ನ ಮುಖದ ಮುಂದೆಯೇ ನಿನ್ನನ್ನು ಬೇಡುತ್ತಿದ್ದ, ಅಕ್ಕಾ. ನಿಜ ಹೇಳಿದರೆ ಅವನ ಕೈಯಿಂದ ಅವ್ವನನ್ನು ಕಸಿದಂತೆ. ಹೇಳದಿದ್ದರೆ ನಿನ್ನ ಕೊರಳಿಗೆ ದಿನಾ ಮಾಲೆ.

ಫೋನಿನಲ್ಲಿ ಹೇಳಲು ನಾಲಿಗೆ ಏಳಲಿಲ್ಲ, ಅದಕ್ಕೇ ಕಾಗದ. ನನ್ನಾಕೆ ಸುನಿತಾ ನಿನ್ನ ಹೆಸರಲ್ಲಿ ದೇವರಿಗೆ ದೀಪ ಹಚ್ಚಿದ್ದಾಳೆ, ಯಾಕೆಂದು ಅವಳಿಗೆ ಹೇಳಿಲ್ಲ. ಮಾಮಾನಿಗೆ ನನ್ನ ಶರಣು.

ನಿನ್ನ ತಮ್ಮ
ಹನಮೇಶ

ತಾ.ಕ.: ಮೈ ಹಗುರಾದ ಕೂಡಲೇ ಬಾ. ನೀನು ಎದುರಿಗೆ ನಿಂತರಷ್ಟೇ ಆ ಮಾಲೆ ಇಳಿಯುತ್ತದೆ. ಆದರೆ ಸುಮ್ಮನೆ ಒಳಗೆ ಬರಬೇಡ, ಅಪ್ಪನ ಎದೆ ತಡೆಯಲಿಕ್ಕಿಲ್ಲ. ಅಂಗಳದಲ್ಲೇ ನಿಂತು “ಅಪ್ಪಾ” ಅಂತ ಕೂಗು. ಅವ್ವ ಅವನನ್ನು ಹಾಗೆ ಕರೆದವಳಲ್ಲ.